ಗಾಳಿ ನಂಬಿ ಹೊರಟ ಹೊಲಿದ ಹಡಗು

ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ–ಯಡೂರ ಸೇತುವೆ ಮುಳುಗುವುದು ಹೊಸ ಸುದ್ದಿಯಲ್ಲ. ಅಥಣಿ, ರಾಯಬಾಗ, ಕಾಗವಾಡದ ನದಿದಂಡೆಯವರಿಗೆ ದೋಣಿ ಪರಿಚಿತವೇ. ಹಾಯಿ ಮಾತ್ರ ಅಪರೂಪ.

ಹಳೆಯ ಮೀನುಗಾರಿಕೆ ದೋಣಿಗೆ ಹಾಯಿ ಕಟ್ಟಿದ ಮಾತ್ರಕ್ಕೆ ಅದು ಹಾಯಿದೋಣಿಯಾಗದು. ಗಾಳಿ ದೋಣಿಯನ್ನು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ, ವಾಲಿಸುತ್ತದೆ. ಹಾಗಾಗಿ ಕೊಳೆತ ಹಲಗೆ ಬದಲಿಸಿ, ಸಂದುಗಳಿಗೆ ಹತ್ತಿನೂಲು ತುರುಕಿದರೆ ಕೆಲಸ ಮುಗಿಯದು. ತಳದಲ್ಲಿ ಭಾರ ತುಂಬಬೇಕು, ಹಾಯಿಕಂಬದ ಬುಡವನ್ನು ಭದ್ರವಾಗಿ ಕೂರಿಸಬೇಕು.

ಹಾಯಿ ಹೊರುವ ಹಡಗನ್ನು ಹಲಗೆ ಹೊಲಿದು ಕಟ್ಟುವ, ಮರೆತುಹೋಗುತ್ತಿದ್ದ ಮರಗೆಲಸಕ್ಕೆ ಮತ್ತೆ ಜೀವ ಕೊಟ್ಟದ್ದು ಭಾರತೀಯ ನೌಕಾಪಡೆಯ ಹಾಯಿಹಡಗು ‘ಐಎನ್‌ಎಸ್‌ವಿ ಕೌಂಡಿನ್ಯ’. ಅಜಂತಾದ 5ನೇ ಶತಮಾನದ ಚಿತ್ರವನ್ನು ಆಧರಿಸಿದ ಈ ಹಡಗನ್ನು ಬಾಬು ಶಂಕರನ್ ನೇತೃತ್ವದ ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಕಟ್ಟಿದರು. ಹಲಗೆಯ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಬಿಗಿದು ಹೊಲಿದು, ರಾಳ ಮೆತ್ತಿದರು. ಹಲಗೆ ಜೋಡಣೆಗೆ ಮೊಳೆ ಬಳಸಲಿಲ್ಲ. ಹಾಯಿಯ ಮೇಲೆ ಗಂಡಭೇರುಂಡ. ದಿಕ್ಕು ತಿರುಗಿಸಲು ಉದ್ದನೆಯ ಹುಟ್ಟುಗಳು.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ಕೌಂಡಿನ್ಯ, ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು ಒಮಾನ್‌ನ ಮಸ್ಕತ್ ತಲುಪಿತು.