ಖಾತೆ ತಿದ್ದುವ ಕೈ

ಕಂದಾಯ ಇಲಾಖೆಯ ಪರಿಭಾಷೆಯಲ್ಲಿ ಖಾತೆ ಎಂದರೆ ಒಬ್ಬ ಹಿಡುವಳಿದಾರನ ಹೆಸರಿನಲ್ಲಿರುವ ಜಮೀನುಗಳ ಲೆಕ್ಕ. ಆ ಲೆಕ್ಕವನ್ನು ಸರ್ವೆ ನಂಬರುವಾರು ತೋರಿಸುವ ದಾಖಲೆಗೆ ಪಹಣಿ ಎಂದು ಹೆಸರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಆಡುಮಾತಿನಲ್ಲಿ ಅದೇ ಉತಾರ. ಈ ದಾಖಲೆ ಒಮ್ಮೆ ಬರೆದು ಮುಗಿಸುವಂಥದ್ದಲ್ಲ. ತಂದೆ ತೀರಿಕೊಂಡಾಗ ವಾರಸುದಾರರ ಹೆಸರು ಸೇರಬೇಕು, ಹೊಲ ಮಾರಾಟವಾದಾಗ ಮಾಲೀಕನ ಹೆಸರು ಬದಲಾಗಬೇಕು, ಮೆಣಸಿನಕಾಯಿ ಬೆಳೆಗಾರ ಬ್ಯಾಂಕಿನಿಂದ ಸಾಲ ಪಡೆದಾಗ ಅದರ ಬೋಜಾ ಏರಬೇಕು, ಸಾಲ ತೀರಿದಾಗ ಇಳಿಯಬೇಕು. ಹಲವರು ಹಂಚಿಕೊಂಡು ಬಳಸುವ ಇಂಥ ದಾಖಲೆಯನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ತಿದ್ದಿದರು ಎಂಬುದು ಸ್ಪಷ್ಟವಾಗಿದ್ದರೆ ಮಾತ್ರ ಅದಕ್ಕೆ ಬೆಲೆ.

ಈ ಪ್ರದೇಶ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿ ಹಕ್ಕುದಾಖಲೆಗೆಂದೇ 1903ರಲ್ಲಿ ಕಾಯ್ದೆ ಬಂದಿತ್ತು. ಮುಂದೆ 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮ ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ತಂದಿತು. ಆದರೆ ದಪ್ತರ ಮಾತ್ರ ಗ್ರಾಮ ಲೆಕ್ಕಾಧಿಕಾರಿಯ ಸುಪರ್ದಿಯಲ್ಲೇ ಉಳಿಯಿತು. ಮೂರು ನಾಲ್ಕು ಹಳ್ಳಿಗಳ ದಾಖಲೆ ಒಬ್ಬರ ಕೈಯಲ್ಲಿದ್ದುದರಿಂದ, ಬರೆದದ್ದು ಸರಿಯೋ ತಪ್ಪೋ ಎಂದು ಬೇರೆಯವರು ನೋಡುವ ಅವಕಾಶ ಕಡಿಮೆಯಿತ್ತು.

ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡು 2001ರ ಸುಮಾರಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಕೈಬರಹದ ಪಹಣಿಗಳು ಚಲಾವಣೆಯಿಂದ ಹೊರಗುಳಿದವು, ದಾಖಲೆ ತಾಲ್ಲೂಕು ಕಚೇರಿಯ ಕಿಂಡಿಗೆ ಬಂತು.

ಹಲವರು ಒಟ್ಟಿಗೆ ಬಳಸುವ ಗಣಕಯಂತ್ರದ ಅಪಾಯ ಗಣಕೀಕೃತ ಭೂದಾಖಲೆಗಿಂತ ಹಳೆಯದು. ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಮೊದಲು ಪ್ರದರ್ಶಿತವಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ, ಒಂದೇ ಮೇನ್‌ಫ್ರೇಮನ್ನು, ಅಂದರೆ ಸಂಸ್ಥೆಯೊಂದರ ಕೆಲಸವನ್ನೆಲ್ಲ ಹೊರುವ ದೊಡ್ಡ ಗಣಕಯಂತ್ರವನ್ನು, ಅನೇಕರು ಏಕಕಾಲಕ್ಕೆ ಬಳಸಲು ಅನುವು ಮಾಡಿತ್ತು. 1960ರ ದಶಕದ ಮಧ್ಯದಲ್ಲಿ ಅಲ್ಲಿ ಒಬ್ಬರು ಬಳಕೆದಾರರ ಗುಪ್ತಪದಗಳ ಕಡತವನ್ನೂ ಇನ್ನೊಬ್ಬರು ದಿನದ ಸಂದೇಶವನ್ನೂ ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದಾಗ, ತಿದ್ದುವ ತಂತ್ರಾಂಶ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸಿದ್ದರಿಂದ ಎರಡೂ ಅದಲುಬದಲಾಗಿ, ವ್ಯವಸ್ಥೆಯೊಳಗೆ ಬಂದವರಿಗೆಲ್ಲ ಎಲ್ಲರ ಗುಪ್ತಪದಗಳು ಕಾಣಿಸಿಕೊಂಡವು. ಒಂದು ದಾಖಲೆಯನ್ನು ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರನ್ನು ತಡೆಯುವ ‘ಬೀಗ’ದ ಏರ್ಪಾಡು ಇಂದಿನ ದತ್ತಸಂಚಯಗಳಲ್ಲಿ ಸಾಮಾನ್ಯವಾಗಿರುವುದು ಇಂಥ ಗೊಂದಲಗಳನ್ನು ತಪ್ಪಿಸುವುದಕ್ಕಾಗಿಯೇ.

‘ಭೂಮಿ’ಯಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾಗಿದೆ. ಅರ್ಜಿ ಸ್ವೀಕೃತವಾದೊಡನೆ ಅದಕ್ಕೆ ಸರದಿ ನಿಗದಿಯಾಗುತ್ತದೆ; ಮೊದಲು ಬಂದದ್ದನ್ನು ಬಿಟ್ಟು ಬೇಕಾದವರ ಅರ್ಜಿಯನ್ನು ಮುಂದೆ ತೆಗೆದುಕೊಳ್ಳುವಂತಿಲ್ಲ. ನೋಟಿಸು ಜಾರಿಯಾಗಿ, ಕಂದಾಯ ನಿರೀಕ್ಷಕರು ಆದೇಶ ಮಾಡಿದ ಮೇಲೆ, ತಿದ್ದುಪಡಿಗೆ ಹೊಣೆಯಾದವರು ಬೆರಳಚ್ಚು ಒತ್ತಿ ಒಪ್ಪಿಗೆ ಕೊಟ್ಟರೆ ಮಾತ್ರ ಹೊಸ ಹೆಸರು ಪಹಣಿಗೆ ಏರುತ್ತದೆ. ಗುಪ್ತಪದವನ್ನಾದರೆ ಒಬ್ಬರು ಇನ್ನೊಬ್ಬರಿಗೆ ಹೇಳಿಬಿಡಬಹುದು, ಬೆರಳನ್ನು ಎರವಲು ಕೊಡಲಾಗುವುದಿಲ್ಲ. ಬದಲಾವಣೆಗೆ ಆಧಾರವಾದ ಎಂ.ಆರ್. ಸಂಖ್ಯೆ, ಅಂದರೆ ಹಕ್ಕು ಬದಲಾವಣೆ ವಹಿಯಲ್ಲಿನ ಕ್ರಮಸಂಖ್ಯೆ, ಪಹಣಿಯಲ್ಲೇ ಅಚ್ಚಾಗುತ್ತದೆ.

ಆದರೂ ಯಂತ್ರ ಹಳೆಯ ತಪ್ಪುಗಳನ್ನು ತಾನಾಗಿ ತಿದ್ದಲಿಲ್ಲ. ಕಾಗದದಲ್ಲಿದ್ದುದನ್ನು ಹಾಗೆಯೇ ಒಳಗೆ ತೆಗೆದುಕೊಂಡಿತು. ಪಹಣಿಯ 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣವೂ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ಪಾಲೂ ಇರುತ್ತವೆ. ಇವೆರಡರ ಮೊತ್ತ ತಾಳೆಯಾಗಬೇಕು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ ಎಂಬ ಲೆಕ್ಕದಲ್ಲಿ 4 ಎಕರೆ 10 ಗುಂಟೆ ಹೊಲವನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಂಡರೆ ತಲಾ 1 ಎಕರೆ 16 ಗುಂಟೆ 10 ಆಣೆ ಬಂದು, 2 ಆಣೆ ಮಿಗುತ್ತದೆ. ‘ಸಮಪಾಲು’ ಎಂದು ಕಾಗದದಲ್ಲಿ ಬರೆದಾಗ ಯಾರನ್ನೂ ಕಾಡದ ಈ ಅಂತರ, ಅಂಕಿಯಲ್ಲಿ ನಮೂದಿಸುವಾಗ ಎದ್ದು ಕಾಣುತ್ತದೆ. ಆ 2 ಆಣೆ ಒಬ್ಬರ ಹೆಸರಿಗೆ ಸೇರಿದರಷ್ಟೇ ಲೆಕ್ಕ ಕೂಡುತ್ತದೆ. 3 ಮತ್ತು 9ನೇ ಕಾಲಂಗಳು ತಾಳೆಯಾಗದ ಪಹಣಿಗಳು ಇಂದಿಗೂ ರೈತರನ್ನು ಕಚೇರಿಗೆ ಅಲೆಸುತ್ತಿರುವುದು ನೋವಿನ ಸಂಗತಿ.

ಅಧಿನಿಯಮದ 133ನೇ ಕಲಂ ಪ್ರಕಾರ, ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಬದಲಾಗುವವರೆಗೆ ಸತ್ಯವೆಂದೇ ಭಾವಿಸಲಾಗುತ್ತದೆ. ಆದ್ದರಿಂದ ತಪ್ಪು ನಮೂದಿನ ಭಾರ ಬೀಳುವುದು ಅದನ್ನು ಸಾಬೀತು ಮಾಡಬೇಕಾದ ರೈತನ ಮೇಲೆ. ಹೀಗಿರುವಾಗ ನೋಟಿಸಿನ ಅವಧಿಯೇ ಆತನ ದೊಡ್ಡ ರಕ್ಷಣೆ. ಮೂಲತಃ 30 ದಿನಗಳಿದ್ದ ಈ ಅವಧಿ ನೋಂದಾಯಿತ ಪತ್ರಗಳ ಮಟ್ಟಿಗೆ ಮುಂದೆ ಕಡಿಮೆಯಾಗಿದೆ. ಕೆಲಸ ಬೇಗ ಮುಗಿಯುವುದು ಒಳ್ಳೆಯದೇ ಆದರೂ, ಅಷ್ಟರಮಟ್ಟಿಗೆ ನೋಟಿಸು ಓದುವವರ ಎಚ್ಚರ ಹೆಚ್ಚಬೇಕು. ಯಂತ್ರಕ್ಕೆ ಬೆರಳಿನ ಗುರುತು ಗೊತ್ತು, ಬದುವಿನ ಗುರುತು ಗೊತ್ತಿಲ್ಲ. ಯಾವ ಹೊಲ ಯಾರ ಉಳುಮೆಯಲ್ಲಿದೆ, ಯಾರು ಯಾರಿಗೆ ವಾರಸುದಾರರು ಎಂಬುದನ್ನು ಬಲ್ಲ ಊರಿನವರು ಆ ದಿನಗಳಲ್ಲಿ ಸಲ್ಲಿಸುವ ಒಂದು ತಕರಾರು ಅರ್ಜಿ, ಯಾವ ತಂತ್ರಾಂಶವೂ ಹಿಡಿಯಲಾರದ ತಪ್ಪನ್ನು ತಡೆದು ನಿಲ್ಲಿಸಬಲ್ಲದು.