ಕಡಲಾಚೆಯ ಸೇವೆಗೆ ಹೊರಟ ಸೊಲ್ಲಾಪುರದ ಡಾಕ್ಟರು

ಕಡಲು ದಾಟುವುದು ನಮ್ಮವರಿಗೆ ಹೊಸ ಮಾತೇನೂ ಅಲ್ಲ. ನಮ್ಮ ಕರಾವಳಿಯ ಹಿರಿಯರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಯ ಧಕ್ಕೆಯಲ್ಲಿ ಇಳಿದವರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಕೊಲ್ಲಿ ದೇಶಗಳಿಗೂ ಅಮೆರಿಕೆಗೂ ವಿಮಾನದಲ್ಲಿ ಹೋಗಿಬರುತ್ತಾರೆ. ಹೋಗುವ ಕಾರಣ ಮಾತ್ರ ಬಹುಮಟ್ಟಿಗೆ ಒಂದೇ, ಸಂಪಾದನೆ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ನಮ್ಮ ಕಾಂದಿವಲಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಸಂಪಾದನೆಯಿಂದಲೇ. ಆದರೆ ಗಳಿಕೆಯ ಆಸೆಯಿಲ್ಲದೆ, ಪರಿಚಯದವರೊಬ್ಬರೂ ಇಲ್ಲದ ನಾಡಿಗೆ, ಅಲ್ಲಿಯವರ ಕಷ್ಟಕ್ಕೆ ಹೆಗಲು ಕೊಡಲೆಂದೇ ಹಡಗು ಹತ್ತಿದವರು ಎಷ್ಟು ಮಂದಿ? 1938ನೆಯ ಇಸವಿಯಲ್ಲಿ ಇದೇ ಮುಂಬಯಿಯ ಬಂದರಿನಿಂದ ಹಾಗೆ ಹೊರಟ ಐವರು ಡಾಕ್ಟರರ ಸಂಗತಿಯನ್ನು, ಅವರಲ್ಲಿಯೂ ನಮ್ಮ ಗಡಿನಾಡಾದ ಸೊಲ್ಲಾಪುರದ ತರುಣರೊಬ್ಬರ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ನಾವು ಈ ಲೇಖನಕ್ಕೆ ಕೈಹಚ್ಚಿದ್ದೇವೆ.

ಊರು, ಮನೆ

ಸೊಲ್ಲಾಪುರ ಕನ್ನಡಿಗರಿಗೆ ಹೊರಗಿನ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಅದು ಸೊನ್ನಲಿಗೆ. ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿ, ಜನಸೇವೆಯನ್ನೇ ಯೋಗವನ್ನಾಗಿ ಮಾಡಿಕೊಂಡ ಸ್ಥಳ. ಇಂದು ಅದು ಮಹಾರಾಷ್ಟ್ರದಲ್ಲಿದ್ದರೂ ಅಕ್ಕಲಕೋಟೆಯ ಕಡೆಗೆ ಹೋದವರಿಗೆ ಸಂತೆ ಪೇಟೆಗಳಲ್ಲಿ ಕನ್ನಡ ಕೇಳಿಬರುತ್ತದೆ. ಈ ಊರಿನಲ್ಲಿ 1910ನೆಯ ಅಕ್ಟೋಬರ 10ರಂದು ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು ಹುಟ್ಟಿದರು. ಅವರ ಮನೆಮಾತು ಮರಾಠಿ. ಹಾಗೆಂದು ಅವರನ್ನು ಪರಕೀಯರೆಂದು ಬದಿಗಿಡುವಷ್ಟು ಸಣ್ಣ ಮನಸ್ಸು ಗಡಿನಾಡಿನವರಿಗೆ ಒಪ್ಪುವುದಿಲ್ಲ.

ಅಣ್ಣತಮ್ಮಂದಿರು, ಅಕ್ಕತಂಗಿಯರು ತುಂಬಿದ ಮಧ್ಯಮ ವರ್ಗದ ಮನೆ ಅವರದು. ಮುಂಬಯಿಗೆ ಬಂದು ಪರೇಲಿನ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಇಂಥ ಮನೆಯಲ್ಲಿ ಮಗನೊಬ್ಬ ಡಾಕ್ಟರನಾದನೆಂದರೆ ಏನು ಅರ್ಥವೆಂಬುದನ್ನು ಗುಮಾಸ್ತರ ಸಂಸಾರಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತೀರೀತು, ತಂಗಿಯರ ಮದುವೆಯಾದೀತು, ತಂದೆ ನೆಮ್ಮದಿಯಾಗಿ ಕುಳಿತಾರು ಎಂಬುದು ಯಾವ ಮನೆಯಲ್ಲಾದರೂ ಹುಟ್ಟುವ ಲೆಕ್ಕಾಚಾರ.

ಚೀನಾದ ಕರೆ

1937ರ ಜುಲೈ ತಿಂಗಳಲ್ಲಿ ಜಪಾನು ಚೀನಾದ ಮೇಲೆ ಪೂರ್ಣಯುದ್ಧವನ್ನು ಹೂಡಿತು. ಗಾಯಗೊಂಡವರು ಅಸಂಖ್ಯ, ಡಾಕ್ಟರರು ಅತಿ ವಿರಳ. ಚೀನಾದ ಎಂಟನೆಯ ಮಾರ್ಗಸೇನೆಯ ದಂಡನಾಯಕ ಝೂ ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ನೆರವನ್ನು ಕೋರಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಮನವಿ ಮಾಡಿಕೊಂಡರು. ಸುಮಾರು 22,000 ರೂಪಾಯಿ ಕೂಡಿತು. ಒಂದು ಆಂಬುಲೆನ್ಸ್ ಗಾಡಿ ಸಿದ್ಧವಾಯಿತು. ಐವರು ಡಾಕ್ಟರರು ಮುಂದೆ ಬಂದರು. ಸ್ಪೇನಿನ ಯುದ್ಧದಲ್ಲಿ ಸೇವೆ ಮಾಡಿ ಬಂದಿದ್ದ ಅಲಹಾಬಾದಿನ ಡಾ. ಅಟಲರು ನಾಯಕರು, ಐವತ್ತು ದಾಟಿದ ನಾಗಪುರದ ಡಾ. ಚೋಳ್ಕರರು ಹಿರಿಯರು, ಕಲಕತ್ತೆಯ ಡಾ. ಬಸು, ಡಾ. ಮುಖರ್ಜಿ, ಐದನೆಯವರು ಇಪ್ಪತ್ತೇಳರ ಪ್ರಾಯದ ಕೋಟ್ನೀಸರು.

ಭಾರತವೇ ಆಗ ಪರರ ಆಳಿಕೆಯಲ್ಲಿತ್ತು. ತನ್ನ ಹಳ್ಳಿಗಳಿಗೇ ಡಾಕ್ಟರರಿಲ್ಲದ ನಾಡು ಇನ್ನೊಂದು ನಾಡಿಗೆ ಡಾಕ್ಟರರನ್ನು ಕಳುಹಿಸುವುದು ಯಾವ ನ್ಯಾಯ, ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯಲ್ಲಿ ತೂಕವಿದೆ. ನಮಗೆ ತೋರುವ ಉತ್ತರವಿಷ್ಟು: ಉಳ್ಳವನು ಕೊಡುವುದು ದಾನ, ತಾನೂ ನೋವು ಉಣ್ಣುತ್ತಿರುವವನು ಇನ್ನೊಬ್ಬನ ನೋವಿಗೆ ಕೈಯೊಡ್ಡುವುದು ಬಾಂಧವ್ಯ. ನಮ್ಮ ಬಿಡುಗಡೆಯೂ ಅವರ ಬಿಡುಗಡೆಯೂ ಒಂದೇ ಹೋರಾಟದ ಎರಡು ಅಂಗಗಳೆಂಬ ಭಾವನೆ ಅಂದಿನ ನಾಯಕರಲ್ಲಿತ್ತು. ಆ ಭಾವನೆಯೇ ಈ ಐವರನ್ನು ಹಡಗು ಹತ್ತಿಸಿತು.

ಮನೆಯವರ ಒಪ್ಪಿಗೆ ಬೇರೆ ಮಾತು. ಚೀನಾ ಎಂದರೆ ರೇಶ್ಮೆ ಬಟ್ಟೆ ಮಾರಲು ಬರುವವರ ದೇಶ ಎಂಬುದಕ್ಕಿಂತ ಹೆಚ್ಚೇನೂ ತಮಗೆ ತಿಳಿದಿರಲಿಲ್ಲವೆಂದು ಕೋಟ್ನೀಸರ ತಂಗಿಯೊಬ್ಬರು ಎಷ್ಟೋ ಕಾಲದ ಮೇಲೆ ನೆನಪು ಮಾಡಿಕೊಂಡಿದ್ದಾರೆ. ಅಲ್ಲಿ ನಡೆದಿರುವುದು ಯುದ್ಧ. ಮರಳಿ ಬರುವುದು ನಿಶ್ಚಯವಿಲ್ಲ. ಆದರೂ ಆ ಮನೆ ಮಗನನ್ನು ತಡೆಯಲಿಲ್ಲ. ಸೇವೆಗೆ ಹೋದವರ ಹೆಸರನ್ನು ನಾವು ಬರೆದಿಡುತ್ತೇವೆ. ಕಳುಹಿಸಿಕೊಟ್ಟವರ ಹೆಸರನ್ನು ಯಾರೂ ಬರೆಯುವುದಿಲ್ಲ. ಸೇವೆಯಲ್ಲಿ ಅರ್ಧಪಾಲು ಅವರದೇ.

ಐದು ತಿಂಗಳ ದಾರಿ

ಕಾಂದಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಚರ್ಚ್‌ಗೇಟಿನಲ್ಲಿಳಿದು ಕೋಟೆಯ ಕಚೇರಿಗಳಿಗೆ ನಡೆಯುವ ನಮಗೆಲ್ಲ ಬ್ಯಾಲಾರ್ಡ್ ಪಿಯರ್ ಪ್ರದೇಶ ಪರಿಚಿತವೇ. ವಿಲಾಯತಿಯ ಟಪಾಲು ಹಡಗುಗಳು ಆ ಕಾಲದಲ್ಲಿ ಬಂದು ಹೋಗುತ್ತಿದ್ದುದು ಅಲ್ಲಿಗೆ. ಐವರು ಡಾಕ್ಟರರು 1938ರ ಸೆಪ್ಟೆಂಬರ 1ರಂದು ಮುಂಬಯಿಯನ್ನು ಬಿಟ್ಟದ್ದು ‘ರಾಜಪುತಾನಾ’ ಎಂಬ ಹಡಗಿನಲ್ಲಿ. ಏಳು ವರ್ಷ ಹಿಂದೆ, 1931ರಲ್ಲಿ, ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗೆ ಹೋದದ್ದೂ ಇದೇ ಹಡಗಿನಲ್ಲಿಯೇ. ಮುಂದೆ 1941ರಲ್ಲಿ, ಮಹಾಯುದ್ಧದ ಕಾಲಕ್ಕೆ, ಜರ್ಮನರ ಜಲಾಂತರ್ಗಾಮಿಯ ಏಟಿಗೆ ಆ ಹಡಗು ಸಮುದ್ರದ ಪಾಲಾಯಿತು.

ಹಾಂಗ್‌ಕಾಂಗಿನ ಮೂಲಕ ಸೆಪ್ಟೆಂಬರ 17ರಂದು ಅವರು ಕ್ಯಾಂಟನ್ ನಗರವನ್ನು ಸೇರಿದರು. ಸುನ್ ಯಾತ್ ಸೇನರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಅವರು ಸ್ವತಃ ಸ್ವಾಗತಿಸಿದರು. ಹದಿನೇಳು ದಿನಗಳಲ್ಲಿ ಕಡಲೇನೋ ಮುಗಿಯಿತು, ಪ್ರಯಾಣ ಮುಗಿಯಲಿಲ್ಲ. ಅವರು ಹೋಗಬೇಕಾಗಿದ್ದುದು ವಾಯವ್ಯದ ಗುಡ್ಡಗಾಡಿನ ಯೆನಾನಿಗೆ. ನಡುವೆ ಇದ್ದುದು ಯುದ್ಧಭೂಮಿ. ಹಿಂದಿನಿಂದ ಊರುಗಳು ಒಂದೊಂದಾಗಿ ಬೀಳುತ್ತಿದ್ದವು. ಅವರು ಬಂದಿಳಿದ ಕ್ಯಾಂಟನ್ ಒಂದು ತಿಂಗಳು ಕಳೆದು ಅಕ್ಟೋಬರಿನಲ್ಲಿ ಜಪಾನೀಯರ ಕೈಸೇರಿತು. ಅದೇ ತಿಂಗಳ ಕೊನೆಗೆ ಅವರು ಗಾಯಾಳುಗಳ ಶುಶ್ರೂಷೆ ಮಾಡಿದ್ದ ಹಾಂಕೋ ಕೂಡ ಬಿದ್ದಿತು. ಯಾಂಗ್‌ತ್ಸೆ ನದಿಯ ದಾರಿ ಹಿಡಿದು ಅವರು ಚುಂಗ್‌ಕಿಂಗಿಗೆ ಬಂದರು. ಶಾಂತಿನಿಕೇತನದ ಚೀನಾಭವನವನ್ನು ಕಟ್ಟಿದ ತಾನ್ ಯುನ್‌ಶಾನ್ ಅವರು ಐವರಿಗೂ ಚೀನೀ ಹೆಸರಿಟ್ಟು, ಪ್ರತಿಯೊಂದು ಹೆಸರಿನ ಕೊನೆಗೆ ಚೀನಾ ಎಂಬರ್ಥದ ‘ಹುವಾ’ ಶಬ್ದವನ್ನು ಸೇರಿಸಿದರು. ಕೋಟ್ನೀಸರು ‘ಕೆ ದಿಹುವಾ’ ಆದರು.

ಯೆನಾನಿಗೆ ಹೊರಡುವ ಮೊದಲೇ ಊರಿನಿಂದ ತಂದೆಯ ಮರಣವಾರ್ತೆ ಬಂದಿತು. ಮನೆಗೆ ಮರಳಿರೆಂದು ಜೊತೆಗಾರರು ಹೇಳಿದರು. ಹಾಗೆ ಮರಳಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ನಮ್ಮ ಸಂಪ್ರದಾಯದಲ್ಲಿ ಮಗನ ಮೊದಲ ಧರ್ಮವೂ ಅದೇ. ಅವರು ಮುಂದಕ್ಕೇ ನಡೆದರು. ಇದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಧೈರ್ಯ ನಮಗಿಲ್ಲ. ಸೊಲ್ಲಾಪುರದ ಆ ತಾಯಿಯ ಕಣ್ಣೀರು ಎಷ್ಟು ನಿಜವೋ ಚೀನಾದ ಗಾಯಾಳುಗಳ ನರಳಾಟವೂ ಅಷ್ಟೇ ನಿಜ. ಶೀಆನ್ ನಗರದ ಮಾರ್ಗವಾಗಿ ಅವರು ಯೆನಾನನ್ನು ಮುಟ್ಟಿದ್ದು 1939ರ ಫೆಬ್ರವರಿ 12ರಂದು. ಮುಂಬಯಿ ಬಿಟ್ಟು ಐದು ತಿಂಗಳು ಹನ್ನೊಂದು ದಿನಗಳಾಗಿದ್ದವು.

ಹೋಗುವುದು, ನಿಲ್ಲುವುದು

ಚೋಳ್ಕರರೂ ಮುಖರ್ಜಿಯವರೂ 1939ರಲ್ಲಿಯೇ ಸ್ವದೇಶಕ್ಕೆ ಮರಳಿದರು. ಅಟಲರು ಅನಾರೋಗ್ಯದಿಂದ ಆಮೇಲೆ ಹಿಂದಿರುಗಿದರು. ಬಸು ಅವರು 1943ರವರೆಗೂ ದುಡಿದು ಬಂದರು; ಭಾರತಕ್ಕೆ ಅಕ್ಯುಪಂಕ್ಚರ್ ಚಿಕಿತ್ಸೆಯನ್ನು ಪರಿಚಯಿಸಿದವರು ಅವರೇ. ಇವರಲ್ಲಿ ಯಾರ ಸೇವೆಯೂ ಕಡಿಮೆಯದಲ್ಲ. ಕೋಟ್ನೀಸರು ಮಾತ್ರ ಯೆನಾನಿನಲ್ಲೂ ನಿಲ್ಲದೆ ಯುದ್ಧರಂಗದ ಮಗ್ಗುಲಿನ ಬೆಟ್ಟಸಾಲುಗಳಿಗೆ ಹೋದರು.

ಅಲ್ಲಿ ಅವರಿಗಿಂತ ಮುಂಚೆ ದುಡಿದವರು ಕೆನಡಾ ದೇಶದ ಡಾ. ನಾರ್ಮನ್ ಬೆಥೂನರು. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗಾದ ಗಾಯವು ನಂಜಾಗಿ 1939ರ ನವೆಂಬರಿನಲ್ಲಿ ಅವರು ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರು ನಿರ್ದೇಶಕರಾದರು. ಆಸ್ಪತ್ರೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವ ಬಿಳಿಗೋಡೆ, ವಿದ್ಯುದ್ದೀಪ, ಉಕ್ಕಿನ ಮಂಚಗಳನ್ನು ಇಲ್ಲಿ ಎಣಿಸಿಕೊಳ್ಳಬಾರದು. ಹಳ್ಳಿಯ ಮನೆಗಳೇ ವಾರ್ಡುಗಳು, ಶತ್ರು ಸಮೀಪಿಸಿದರೆ ರೋಗಿಗಳನ್ನು ಹೊತ್ತುಕೊಂಡು ಮುಂದಿನ ಹಳ್ಳಿಗೆ ಪ್ರಯಾಣ. 1940ರ ಒಂದು ದೀರ್ಘ ಕಾಳಗದ ವೇಳೆಗೆ ಅವರು 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಹೇಳುತ್ತಾರೆ.

ಇದಕ್ಕಿಂತಲೂ ನಮಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಅವರು ಚೀನೀ ಭಾಷೆಯನ್ನು ಮಾತಾಡಲೂ ಬರೆಯಲೂ ಕಲಿತು, ಅದರಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಂಥ ಲಿಪಿಯನ್ನು ಮೂವತ್ತರ ಹೊತ್ತಿಗೆ ಕಲಿಯಲು ಕೂಡುವುದೆಂದರೆ ಸಾಮಾನ್ಯವೇ? ಗಾಯಕ್ಕೆ ಕಟ್ಟು ಕಟ್ಟಲು ಭಾಷೆ ಬೇಕಾಗಲಿಕ್ಕಿಲ್ಲ. ತಾನು ಹೋದ ಮೇಲೂ ಕಟ್ಟು ಕಟ್ಟುವವರನ್ನು ಸಿದ್ಧಪಡಿಸಲು ಬೇಕೇ ಬೇಕು.

1941ರಲ್ಲಿ ಅವರು ಅಲ್ಲಿಯೇ ದಾದಿಯರಿಗೆ ಪಾಠ ಹೇಳುತ್ತಿದ್ದ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಗಂಡುಮಗು ಹುಟ್ಟಿತು. ಭಾರತ, ಚೀನಾ ಎರಡನ್ನೂ ಕೂಡಿಸಿ ಅದಕ್ಕೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ಆ ವೇಳೆಗಾಗಲೇ ಕೋಟ್ನೀಸರನ್ನು ಅಪಸ್ಮಾರ ರೋಗ ಕಾಡುತ್ತಿತ್ತು. ಶಸ್ತ್ರಚಿಕಿತ್ಸೆಯ ಪಠ್ಯವೊಂದನ್ನು ಬರೆಯುತ್ತಿದ್ದರು. ಅದು ಅರ್ಧಕ್ಕೇ ನಿಂತಿತು. 1942ರ ಡಿಸೆಂಬರ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಮಗುವಿಗೆ ನಾಲ್ಕು ತಿಂಗಳೂ ತುಂಬುವ ಮೊದಲೇ ಅವರು ಅಸುನೀಗಿದರು.

ಉಳಿದ ಹೆಸರು

ಅವರ ಕಥೆಯನ್ನು ಖ್ವಾಜಾ ಅಹಮದ್ ಅಬ್ಬಾಸರು ಪುಸ್ತಕವಾಗಿ ಬರೆದರು. ಬಾಲ್ಯದಲ್ಲಿ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದಿದ್ದ ವಿ. ಶಾಂತಾರಾಮರು 1946ರಲ್ಲಿ ‘ಡಾ. ಕೋಟ್ನೀಸ್ ಕೀ ಅಮರ್ ಕಹಾನೀ’ ಎಂಬ ಚಿತ್ರ ತೆಗೆದು, ತಾವೇ ಕೋಟ್ನೀಸರ ಪಾತ್ರ ವಹಿಸಿದರು. ಮಗ ಯಿನ್‌ಹುವಾ ವೈದ್ಯಕೀಯ ಓದುತ್ತಿರುವಾಗಲೇ 1967ರಲ್ಲಿ ತೀರಿಕೊಂಡನು. ಗುವೋ ಚಿಂಗ್‌ಲಾನ್ ಅವರು ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡುಹೋದರು. 2012ರಲ್ಲಿ, 96ನೆಯ ವಯಸ್ಸಿನಲ್ಲಿ, ನಿಧನರಾದರು.

1962ರಲ್ಲಿ ಎರಡೂ ದೇಶಗಳ ನಡುವೆ ಯುದ್ಧವಾಯಿತು. 2020ರಲ್ಲಿ ಗಲ್ವಾನಿನಲ್ಲಿ ನಮ್ಮ ಸೈನಿಕರ ರಕ್ತ ಹರಿಯಿತು. ಅದನ್ನು ಯಾರೂ ಮರೆಯಲಾರರು. ಅದೇ ವರ್ಷ ಚೀನಾದ ಶಿಜಿಯಾಝುವಾಂಗ್ ನಗರದಲ್ಲಿ, ಕೋಟ್ನೀಸರ ಹೆಸರು ಹೊತ್ತ ವೈದ್ಯಕೀಯ ಶಾಲೆಯ ಎದುರು ಅವರ ಕಂಚಿನ ಪ್ರತಿಮೆ ಸಿದ್ಧವಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸರಕಾರಗಳ ಸ್ನೇಹ ಹವೆಯಂತೆ ಬದಲಾಗುತ್ತದೆ. ರೋಗಿಯ ಮಂಚದ ಪಕ್ಕದಲ್ಲಿ ಹುಟ್ಟಿದ ಋಣ ಅಷ್ಟು ಬೇಗ ತೀರುವುದಿಲ್ಲ.

ನಮ್ಮ ಸಂಘದ ತರುಣ ತರುಣಿಯರಲ್ಲಿ ಸೇವೆಗಾಗಿ ದೂರ ಹೋಗಬೇಕೆಂಬ ಹಂಬಲವುಳ್ಳವರು ಇದ್ದೇ ಇದ್ದಾರೆ. ಅವರು ಕೋಟ್ನೀಸರಿಂದ ಕಲಿಯಬೇಕಾದದ್ದು ಹಡಗು ಹತ್ತುವ ಸಾಹಸಕ್ಕಿಂತ ಹೆಚ್ಚಾಗಿ ಇಳಿದಲ್ಲಿ ನಿಲ್ಲುವ ಸೈರಣೆಯನ್ನು: ಅಲ್ಲಿಯ ಮಾತು ಕಲಿಯುವುದು, ಅಲ್ಲಿಯ ಅನ್ನ ಉಣ್ಣುವುದು, ತಮ್ಮ ಕೆಲಸವನ್ನು ಅಲ್ಲಿಯವರ ಕೈಗೆ ಒಪ್ಪಿಸುವುದು. ಇದಕ್ಕೆ ಪರದೇಶವೇ ಆಗಬೇಕೆಂದಿಲ್ಲ. ಹೋಟೆಲಿನ ಹುಡುಗರಿಗಾಗಿ ಮುಂಬಯಿಯಲ್ಲಿ ನಡೆದ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲು ಕಚೇರಿ, ಸಂಜೆ ಪಾಠ ಎಂದು ವರ್ಷಗಟ್ಟಲೆ ದುಡಿದ ಮಾಸ್ತರರೂ ಇದೇ ದಾರಿಯವರು.

ಸೊಲ್ಲಾಪುರದ ಕೋಟ್ನೀಸರ ಮನೆಯನ್ನು 2012ರಲ್ಲಿ ಸ್ಮಾರಕವನ್ನಾಗಿ ಮಾಡಲಾಗಿದೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಗೆ ಹೋಗುವ ನಮ್ಮವರು, ಕೆರೆಯ ನಡುವಣ ಗುಡಿಗೆ ಕೈಮುಗಿದ ಮೇಲೆ, ಮಕ್ಕಳ ಕೈಹಿಡಿದು ಆ ಮನೆಯನ್ನೂ ಒಮ್ಮೆ ನೋಡಿ ಬರಲಿ.