ಧಾರವಾಡದ ಖಾನಾವಳಿ: ಅಗ್ಗದ ಊಟ, ಹಿರಿದಾದ ಉಪಕಾರ

ಮಗನೋ ಮಗಳೋ ಪರಸ್ಥಳಕ್ಕೆ ಓದಲು ಹೊರಟರೆಂದರೆ ಮನೆಯಲ್ಲಿ ತಂದೆ ಕೇಳುವುದು ಫೀ ಎಷ್ಟು, ರೂಮಿನ ಬಾಡಿಗೆ ಎಷ್ಟು ಎಂದು. ತಾಯಿ ಕೇಳುವ ಪ್ರಶ್ನೆ ಒಂದೇ: “ಊಟಕ್ಕ ಏನು ಮಾಡ್ತಿ?” ವಿಚಾರ ಮಾಡಿ ನೋಡಿದರೆ ತಾಯಿಯ ಪ್ರಶ್ನೆಯೇ ಮೊದಲಿನದಾಗಬೇಕು. ಕಾಲೇಜು ಎಷ್ಟೇ ದೊಡ್ಡದಿರಲಿ, ಅಧ್ಯಾಪಕರು ಎಷ್ಟೇ ವಿದ್ವಾಂಸರಿರಲಿ, ಹಸಿದ ಹೊಟ್ಟೆಯವನ ತಲೆಗೆ ಪಾಠ ಇಳಿಯುವುದಿಲ್ಲ. ಆದುದರಿಂದ ವಿದ್ಯಾನಗರಿಯೆಂದು ಹೆಸರಾದ ಧಾರವಾಡದಲ್ಲಿ ಬಡವರ ಮಕ್ಕಳು ಎಲ್ಲಿ ಉಣ್ಣುತ್ತಾರೆ, ಏನು ಉಣ್ಣುತ್ತಾರೆ, ಆ ಊಟ ಅವರಿಗೆ ಹೇಗೆ ಅಗ್ಗದಲ್ಲಿ ದೊರೆಯುತ್ತದೆ ಎಂಬುದನ್ನು ಓದುಗ ಬಂಧುಗಳ ಮುಂದೆ ಇಡುವುದು ಉಚಿತವೆನಿಸಿದೆ.

ಧಾರವಾಡಕ್ಕೆ ವಿದ್ಯಾರ್ಥಿಗಳು ಬರುವುದು ಇಂದು ನಿನ್ನೆಯ ಮಾತಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಇಲ್ಲಿಗೆ ಬಂದು ನೆಲೆಸಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐ.ಐ.ಟಿ. ಬಂದವು. ಇವುಗಳಲ್ಲದೆ ಸ್ಪರ್ಧಾ ಪರೀಕ್ಷೆಗಳ ತಯಾರಿಗೆಂದು ಸಪ್ತಾಪುರ, ಶ್ರೀನಗರದಂಥ ಬಡಾವಣೆಗಳಲ್ಲಿ ರೂಮು ಹಿಡಿದು ವರ್ಷಗಟ್ಟಲೆ ಕುಳಿತ ಪದವೀಧರರ ಸಂಖ್ಯೆಯೂ ಸಣ್ಣದಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯ ಒಕ್ಕಲು ಮನೆತನಗಳ ಮಕ್ಕಳೇ ಇವರಲ್ಲಿ ಬಹಳ. ಸರ್ಕಾರದ ವಸತಿನಿಲಯಗಳಲ್ಲಿ, ಮಠಗಳ ಪ್ರಸಾದನಿಲಯಗಳಲ್ಲಿ ಎಲ್ಲರಿಗೂ ಸ್ಥಳ ಸಿಗುವುದಿಲ್ಲ. ಉಳಿದವರಿಗೆ ಆಧಾರವೆಂದರೆ ಖಾನಾವಳಿ.

ಖಾನಾವಳಿ ಎಂಬ ಶಬ್ದ ಮರಾಠಿಯಿಂದ ಬಂದದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶ ಮುಂಬಯಿ ಆಡಳಿತಕ್ಕೆ ಸೇರಿತ್ತಷ್ಟೆ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯಲು ಹೋದ ಒಂಟಿ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು. ಅದೇ ಪದ್ಧತಿ ನಮ್ಮಲ್ಲಿ ವಿದ್ಯಾರ್ಥಿಗಳಿಗೂ ನೌಕರರಿಗೂ ಒದಗಿತು. ಉತ್ತರ ಕರ್ನಾಟಕದ ಪೇಟೆಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕವನ್ನು ಕಾಣದವರಿಲ್ಲ. ಜೋಳದ ರೊಟ್ಟಿಯ ಶುದ್ಧ ಸಸ್ಯಾಹಾರದ ಊಟ ಇಲ್ಲಿ ದೊರೆಯುವುದೆಂಬುದಕ್ಕೆ ಆ ಹೆಸರೇ ಗುರುತಾಗಿದೆ. ಬಾಗಿಲಲ್ಲಿ ನಿಂತು ನೀನು ಯಾರವನೆಂದು ಕೇಳಿದರೆ ಖಾನಾವಳಿ ನಡೆಯದು, ಕೇಳಲೂಬಾರದು. ದಾಸೋಹದ ಹೆಸರು ಹೇಳುವ ಸಮಾಜಕ್ಕೆ ಅದು ಶೋಭೆಯಲ್ಲ.

ತಾಟಿನಲ್ಲಿ ಬರುವುದೇನು? ಹಂಚಿನಿಂದ ಆಗತಾನೆ ಇಳಿದ ಬಿಸಿ ರೊಟ್ಟಿ, ಒಂದು ಕಾಳಿನ ಪಲ್ಯೆ, ಒಂದು ಕಾಯಿಪಲ್ಯೆ, ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿಪುಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಒಮ್ಮೊಮ್ಮೆ ಮೆಂತೆ ಅಥವಾ ಹಕ್ಕರಿಕೆ ಸೊಪ್ಪು, ಕೊನೆಗೆ ಅನ್ನ ಸಾರು. ವಾರದಲ್ಲೊಂದು ದಿನ ಎಣಗಾಯಿ ಅಥವಾ ಝುಣಕ ಮಾಡಿದರೆ ಅಂದು ಹಬ್ಬ. ಧಾನ್ಯ, ಕಾಳು, ಎಣ್ಣೆಬೀಜ, ಸೊಪ್ಪು, ಮೊಸರು ಇವೆಲ್ಲ ಒಂದೇ ತಾಟಿನಲ್ಲಿ ಕೂಡಿ ಬರುವ ಇಂಥ ಊಟವನ್ನು ನಮ್ಮ ಹಿರಿಯರು ಯಾವ ಪುಸ್ತಕ ನೋಡಿಯೂ ರೂಢಿಸಿಕೊಂಡದ್ದಲ್ಲ. 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಜಗತ್ತೆಲ್ಲ ಆಚರಿಸಿತು. ಆ ಸಾಲಿನಲ್ಲಿ ಜೋಳಕ್ಕೂ ಮರ್ಯಾದೆ ಸಿಕ್ಕಿತು. ಖಾನಾವಳಿಯವರು ಮಾತ್ರ ಜೋಳವನ್ನು ಬಿಟ್ಟೇ ಇರಲಿಲ್ಲ.

ಇನ್ನು ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದರೆ ನಾಲ್ಕು ಮಂದಿಯದು ನಾಲ್ಕು ಬಗೆ. ಬೆಳಗಿನ ಇಡ್ಲಿ, ಉಪ್ಪಿಟ್ಟಿಗೆ ಉಡುಪಿ ಹೊಟೇಲೇ ಸರಿ, ಆದರೆ ಎರಡೂ ಹೊತ್ತಿನ ಊಟಕ್ಕೆ ಅಲ್ಲಿ ಕುಳಿತರೆ ತಿಂಗಳ ಲೆಕ್ಕ ಮೇಲೇರುತ್ತದೆ ಎನ್ನುವವರುಂಟು. ಪಿ.ಜಿ.ಯ ಮೆಸ್ಸಿನಲ್ಲಿ ಬಾಡಿಗೆಯೊಡನೆ ಊಟವೂ ಸೇರಿರುವುದರಿಂದ ಚಿಂತೆಯಿಲ್ಲ, ಆದರೆ ಅನ್ನ ಸಾಂಬಾರು ಬಿಟ್ಟು ರೊಟ್ಟಿಯ ಮುಖ ಕಾಣುವುದು ಅಪರೂಪ ಎನ್ನುವವರುಂಟು. ಸಂಜೆಯ ಹೊತ್ತು ಗಿರಮಿಟ್ಟು, ಮಿರ್ಚಿ ಭಜಿ ತಿಂದು ಮೇಲೊಂದು ಚಹಾ ಕುಡಿದರೆ ರಾತ್ರಿಯ ಊಟವೇ ಬೇಡ ಎನ್ನುವವರೂ ಉಂಟು. ಗಿರಮಿಟ್ಟು ರುಚಿಯದೇ, ಅದನ್ನು ನಾವೂ ಅಲ್ಲಗಳೆಯೆವು. ಆದರೆ ಅದು ಬಾಯಿಗೆ ತಿಂಡಿಯೇ ಹೊರತು ಹೊಟ್ಟೆಗೆ ಊಟವಲ್ಲ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿ ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರ ಇಟ್ಟರು. ಆ ಯೋಜನೆ ಮುಂದೆ ಬೇರೆ ನಗರಗಳಿಗೂ ಹಬ್ಬಿತು. ಕೂಲಿಕಾರರಿಗೂ ವಿದ್ಯಾರ್ಥಿಗಳಿಗೂ ಅದರಿಂದ ಆಸರೆಯಾದುದು ನಿಜ. ಆದರೆ ಅಲ್ಲಿ ವ್ಯತ್ಯಾಸದ ಹಣವನ್ನು ಸರ್ಕಾರ ತುಂಬುತ್ತದೆ. ಖಾನಾವಳಿಗೆ ತುಂಬಿಕೊಡುವವರು ಯಾರು?

ಈ ಪ್ರಶ್ನೆಯಲ್ಲಿಯೇ ಅಗ್ಗದ ಊಟದ ಮರ್ಮವಿದೆ. ಗೋಧಿಯಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ನಾದಿ, ಒಂದೊಂದಾಗಿ ಕೈಯಿಂದ ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ ಬೇಯಿಸಬೇಕು. ನೂರು ಜನ ಉಣ್ಣುವ ಖಾನಾವಳಿಯಲ್ಲಿ ತಲೆಗೆ ಎರಡರಂತೆ ಹಿಡಿದರೂ ಒಂದು ಹೊತ್ತಿಗೆ ಇನ್ನೂರು ರೊಟ್ಟಿ. ಒಲೆಯ ಮುಂದೆ ಗಂಟೆಗಟ್ಟಲೆ ಕುಳಿತು ಇದನ್ನು ಮಾಡುವವರು ನಮ್ಮ ಹೆಣ್ಣುಮಕ್ಕಳೇ. ಅವರಲ್ಲಿ ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕುವವರಿದ್ದಾರೆ, ಮಳೆ ಕೈಕೊಟ್ಟು ಊರು ಬಿಟ್ಟು ಬಂದವರಿದ್ದಾರೆ. ಇತ್ತ ಮಳೆ ತಪ್ಪಿದ ವರ್ಷ ಜೋಳದ ಬೆಲೆ ಏರುತ್ತದೆ. ಮನೆಗಳಿಗೆ ಸಿಗುವ ಗ್ಯಾಸು ಖಾನಾವಳಿಗೆ ಸಲ್ಲದು, ವ್ಯಾಪಾರದ 19 ಕಿಲೋ ಸಿಲಿಂಡರನ್ನೇ ಹೆಚ್ಚಿನ ದರದಲ್ಲಿ ಕೊಳ್ಳಬೇಕು. ಎಣ್ಣೆ, ಬೇಳೆ, ಬಾಡಿಗೆ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಇಷ್ಟಾದರೂ ಊಟದ ದರವನ್ನು ಹತ್ತು ರೂಪಾಯಿ ಏರಿಸಲು ಯಜಮಾನರು ಹತ್ತು ಸಲ ವಿಚಾರ ಮಾಡುತ್ತಾರೆ, ಉಣ್ಣುವವರ ಕಿಸೆಯ ಬಲ ಅವರಿಗೆ ಗೊತ್ತು. ನಾವು ಅಗ್ಗವೆಂದು ಹೊಗಳುವ ಊಟದ ಉಳಿದ ಬೆಲೆಯನ್ನು ರೊಟ್ಟಿ ಬಡಿಯುವವಳ ತೋಳು ತೆರುತ್ತಿದೆ. ಇದನ್ನು ಮರೆತು ದರವನ್ನಷ್ಟೇ ಚರ್ಚಿಸುವುದು ನ್ಯಾಯವಲ್ಲ. ಕಾಯಕ ಮಾಡಿದವರಿಗೆ ಯೋಗ್ಯ ಪ್ರತಿಫಲ ಸಲ್ಲಬೇಕೆಂಬುದು ನಮ್ಮ ಧರ್ಮದ ಮೊದಲ ಪಾಠ.

ತಿಂಗಳ ಕೊನೆಯ ವಾರದಲ್ಲಿ ಖಾನಾವಳಿಯ ರಾತ್ರಿಯ ಸಾಲು ತೆಳುವಾಗುತ್ತದೆಂದು ಒಬ್ಬ ಯಜಮಾನಿ ತಾಯಿ ನಮಗೆ ಹೇಳಿದರು. ಹುಡುಗರು ಊರಿಗೆ ಹೋಗಿರುವುದಿಲ್ಲ, ಹಣ ಮುಗಿದಿರುತ್ತದೆ. ಎರಡು ಹೊತ್ತು ಉಣ್ಣುತ್ತಿದ್ದವನು ಒಂದು ಹೊತ್ತಿಗೆ ಇಳಿಯುತ್ತಾನೆ. ಕೇಳಿದರೆ ಹಸಿವಿಲ್ಲವೆನ್ನುತ್ತಾನೆ. ಮನೆಗೆ ಫೋನಿನಲ್ಲಿ “ಊಟ ಆತು” ಎನ್ನುತ್ತಾನೆ. ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಒಬ್ಬ ತರುಣ ಹೀಗೆಯೇ ನಾಲ್ಕು ರಾತ್ರಿ ಬಾರದಿದ್ದಾಗ, ಐದನೆಯ ದಿನ ಹಾದಿಯಲ್ಲಿ ಕಂಡವನನ್ನು ಆ ತಾಯಿ ನಿಲ್ಲಿಸಿ, “ರೊಕ್ಕ ಆಮ್ಯಾಲೆ ಕೊಡುವಿಯಂತ, ತಮ್ಮಾ. ಮೊದಲ ಊಟಕ್ಕ ಬಾ” ಎಂದರಂತೆ. ಅವನು ತಲೆ ಬಗ್ಗಿಸಿ, “ಬಾಕಿ ಭಾಳ ಆಗೇತ್ರಿ ಅಕ್ಕಾರ” ಎಂದನಂತೆ. “ಬಾಕಿ ವಹಿಯಾಗ ಇರಲಿ, ಹೊಟ್ಟಿಯಾಗ ಬ್ಯಾಡ” ಎಂದು ಕರೆದುಕೊಂಡು ಬಂದು ಬಡಿಸಿದರು. ಆ ಬಾಕಿ ತೀರಿತೇ ಎಂದು ನಾವು ಕೇಳಿದಾಗ ಅವರು, ಕೆಲವರದು ತೀರುತ್ತದೆ, ಕೆಲವರದು ಇಲ್ಲ ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು.

ಹಿಂದಿನವರಿಗೆ ಬೇರೆ ದಾರಿಗಳಿದ್ದವು. ಮಠದ ವಟುಗಳು ಕೋರಾನ್ನ ಭಿಕ್ಷೆಗೆ ಹೋಗಿ ತಂದುದನ್ನು ಹಂಚಿಕೊಂಡು ಉಂಡು ಓದಿದರು. ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯವನ್ನು ಬೆಳೆಸಿ ಹಳ್ಳಿಯ ಮಕ್ಕಳಿಗೆ ಅನ್ನವಿಕ್ಕಿದರು. ಸಮೀಪದ ಊರುಗಳ ತಾಯಂದಿರು ನಸುಕಿನಲ್ಲೆದ್ದು ರೊಟ್ಟಿ ಮಾಡಿ, ಬುತ್ತಿಯ ಡಬ್ಬಿಗೆ ಹೆಸರು ಬರೆದು ಮೊದಲ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಮಕ್ಕಳು ನಿಲ್ದಾಣದಲ್ಲಿ ಕಾದು ಇಸಿದುಕೊಳ್ಳುತ್ತಿದ್ದರು. ದೂರದ ಊರಿನವರಿಗೆ ಆ ಬುತ್ತಿ ತಲುಪುವಂತಿರಲಿಲ್ಲ. ಅವರಿಗೆ ಖಾನಾವಳಿಯೇ ತಾಯಿಮನೆಯಾಯಿತು.

ಆದುದರಿಂದ ಮಕ್ಕಳನ್ನು ಓದಲು ಕಳಿಸುವ ಮನೆತನಗಳಿಗೆ ಕೆಲವು ಮಾತು. ರೂಮು ನೋಡಲು ಹೋದಾಗ ಖಾನಾವಳಿಯನ್ನೂ ನೋಡಿರಿ, ಅಲ್ಲಿ ಒಂದು ಹೊತ್ತು ಮಕ್ಕಳ ಜೊತೆ ಕುಳಿತು ಉಣ್ಣಿರಿ. ಕುಡಿಯುವ ನೀರು ಎಲ್ಲಿಯದೆಂದು ವಿಚಾರಿಸಿರಿ. ರೊಟ್ಟಿ ಬಿಸಿಯಿದೆಯೇ, ಕಾಳಿನ ಪಲ್ಯೆ ದಿನವೂ ಇದೆಯೇ, ಮತ್ತೊಮ್ಮೆ ನೀಡಿರೆಂದಾಗ ಬಡಿಸುವವರ ಮುಖ ಹೇಗಿರುತ್ತದೆ ಎಂಬುದನ್ನು ಗಮನಿಸಿರಿ. ಹತ್ತು ರೂಪಾಯಿ ಕಡಿಮೆಯೆಂದು ದೂರದ ಜಾಗ ಆರಿಸಬೇಡಿರಿ. ಮಳೆಗಾಲದ ರಾತ್ರಿ ಅಷ್ಟು ದೂರ ಹೋಗಲು ಬೇಸತ್ತು ಮಕ್ಕಳು ಉಪವಾಸ ಮಲಗುತ್ತಾರೆ. ಹೆಣ್ಣುಮಕ್ಕಳಿಗಂತೂ ಹಾದಿಯ ದೀಪವನ್ನೂ ನೋಡಬೇಕು. ಊಟದ ಹಣವನ್ನು ಪುಸ್ತಕ, ಬಟ್ಟೆಯ ಹಣದೊಡನೆ ಬೆರೆಸದೆ ಸಾಧ್ಯವಾದರೆ ತಿಂಗಳ ಮೊದಲಿಗೇ ಖಾನಾವಳಿಗೆ ಮುಟ್ಟಿಸಿರಿ. ಇದರಿಂದ ಮಗುವಿನ ತಾಟೂ ಉಳಿಯುತ್ತದೆ, ಖಾನಾವಳಿಯೂ ಉಳಿಯುತ್ತದೆ. ಫೋನಿನಲ್ಲಿ ಊಟವಾಯಿತೇ ಎಂದು ಕೇಳಬೇಡಿರಿ, ಇಂದು ಏನು ಪಲ್ಯೆಯಿತ್ತು ಎಂದು ಕೇಳಿರಿ. ಉಣ್ಣದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯದು.

ಓದು ಮುಗಿಸಿ ನೌಕರಿ ಹಿಡಿದವರಿಗೆ ಒಂದು ಮಾತು. ಹಳೆಯ ವಹಿಯಲ್ಲಿ ನಿಮ್ಮ ಹೆಸರಿನ ಮುಂದೆ ಬಾಕಿಯಿದ್ದರೆ ಹೋಗಿ ತೀರಿಸಿರಿ. ಇಲ್ಲದಿದ್ದರೆ, ಕೈಲಾದಷ್ಟು ಹಣವನ್ನು ಒಬ್ಬ ಬಡ ವಿದ್ಯಾರ್ಥಿಯ ಒಂದು ತಿಂಗಳ ಊಟಕ್ಕೆಂದು ಅದೇ ಖಾನಾವಳಿಯಲ್ಲಿ ಇಟ್ಟು ಬನ್ನಿರಿ. ಕೊಟ್ಟವರ ಹೆಸರು ಅವನಿಗೆ ತಿಳಿಯುವುದು ಬೇಡ. ಅವನು ತಲೆ ಎತ್ತಿ ಉಣ್ಣಲಿ.